ಅನಂತರಾಜುವಿನ ಮೈ ಸೇರಿದ ಮೀನು

ಯಲಹಂಕದ ಹಳೇಪೇಟೆಯಲ್ಲಿ ಮೀನು ಮಾರುವ ಮುನಿಯಲ್ಲಮ್ಮನ ಹತ್ತಿರ ಚೌಕಾಸಿ ಮಾಡಿದವರು ಬೇಕಾದಷ್ಟು ಜನ ಇದ್ದಾರೆ, ಗೆದ್ದವರು ಒಬ್ಬರೂ ಇಲ್ಲ. ಸಂತೆಬೀದಿಯ ತಿರುವಿನಲ್ಲಿ ಕಲ್ಲುಚಪ್ಪಡಿಯ ಮೇಲೆ ಟಾರ್ಪಾಲು ಹಾಸಿ, ಕಾಟ್ಲಾ, ರೋಹು, ಗೆಂಡೆ ಜೋಡಿಸಿಕೊಂಡು, ಮುಂದೆ ಈಳಿಗೆ ಇಟ್ಟುಕೊಂಡು ಕೂತಳು ಅಂದರೆ ಪೊಲೀಸಿನವರೂ ಒಂದು ಮಾರು ದೂರದಿಂದಲೇ ಮಾತಾಡಿಸುತ್ತಿದ್ದರು. ಬಾಯಿ ಅಂಥದು. ಆದರೆ ಅದು ಹೊಟ್ಟೆಪಾಡಿನ ಬಾಯಿ. ಬೆಳಿಗ್ಗೆ ಬೈದದ್ದನ್ನು ಸಂಜೆಗೆ ಮರೆತುಬಿಡುತ್ತಿದ್ದಳು. ಮರೆಯದೆ ಎದೆಯಲ್ಲಿ ಇಟ್ಟುಕೊಂಡಿದ್ದು ಒಂದನ್ನೇ. ಅನಂತರಾಜು ಅನ್ನುವ ಹೆಸರು ಕಿವಿಗೆ ಬಿದ್ದರೆ ಸಾಕು, ಈಳಿಗೆಯ ಮೇಲೆ ಎರಡು ತುಂಡಾಗಬೇಕಿದ್ದ ಮೀನು ನಾಲ್ಕು ತುಂಡಾಗುತ್ತಿತ್ತು.

ಸೇಡು ಇಟ್ಟುಕೊಳ್ಳಬಾರದು ಅಂತ ಬುದ್ಧಿ ಹೇಳುವವರಿಗೆ ಊರಲ್ಲಿ ಬರವಿರಲಿಲ್ಲ. ಹೇಳಲಿ ಬಿಡಿ, ಅವರ ಗಂಟೇನು ಹೋಗುತ್ತದೆ. ಬೇರೆಯವರ ಗಂಡನ ಹೆಸರಿಗೆ ಮಸಿ ಬಳಿದವನನ್ನು ಕ್ಷಮಿಸುವುದು ಬಹಳ ಸುಲಭದ ಕೆಲಸ.

ನಡೆದದ್ದು ಹೀಗೆ. ಯಲಹಂಕದಿಂದ ಆಚೆ ಮುನಿಯಲ್ಲಮ್ಮನ ಊರಿಗೆ ಸೇರಿದ ಒಂದು ಕೆರೆ ಇದೆ, ಮುತ್ತುರಾಯನಕೆರೆ. ಏರಿಯ ಮೇಲೆ ಗಂಗಮ್ಮನ ಗುಡಿ. 2008ರಲ್ಲಿ ಆ ಕೆರೆಯ ಮೀನಿನ ಗುತ್ತಿಗೆಯನ್ನು ಮುನಿಯಲ್ಲಮ್ಮನ ಗಂಡ ಮುನಿಆಂಜಿನಪ್ಪ ಮತ್ತು ಅದೇ ಊರಿನ ಜಮೀನುದಾರ ಅನಂತರಾಜು ಪಾಲುದಾರಿಕೆಯಲ್ಲಿ ಹಿಡಿದರು. ಬಂಡವಾಳ ಅವನದು, ಮೈಮುರಿಯುವ ಕೆಲಸ ಇವನದು. ಮುನಿಆಂಜಿನಪ್ಪನಿಗೆ ಕೆರೆಯೇ ಮನೆ. ಏರಿಯ ಮೇಲೊಂದು ಶೆಡ್ಡು ಹಾಕಿಕೊಂಡು, ಮರಿ ಬಿಟ್ಟು, ಹಿಂಡಿ ಹಾಕಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಭಾನುವಾರ ಮೊದಲ ಬಲೆಯ ದೊಡ್ಡ ಮೀನು ಅನಂತರಾಜುವಿನ ಮನೆಗೆ. ಮೀನು ಅಂದರೆ ಪ್ರಾಣ ಬಿಡುವ ಮನುಷ್ಯ ಅವನು. ಮೀನಿನ ತಲೆ ಬೇರೆಯವರ ಎಲೆಗೆ ಬಿದ್ದರೆ ಮುನಿಸಿಕೊಂಡು ಏಳುತ್ತಿದ್ದ.

ಕೆರೆಯ ತಲೆಕಡೆಗೆ ಅನಂತರಾಜುವಿನ ಜಮೀನಿತ್ತು. ಅದರ ಅಂಚಿನಲ್ಲೇ ಕೆರೆಗೆ ನೀರು ತರುವ ಕಾಲುವೆ, ಅದರ ಕಡೆಗೆ ಬೀಗ ಹಾಕಿದ ಒಂದು ಗೇಟು. ಮಾರನೆಯ ವರ್ಷ ಯಾವುದೋ ಕಾರ್ಖಾನೆಯ ಟ್ಯಾಂಕರುಗಳು ಆ ಜಮೀನಿನೊಳಗೆ ಬಂದು ಹೋಗುವುದಕ್ಕೆ ಶುರುವಾಯಿತು. ಮುನಿಆಂಜಿನಪ್ಪ ಚಕ್ರದ ಗುರುತು ನೋಡಿದ, ಕಾಲುವೆಯಲ್ಲಿ ಮೂಗು ಸುಡುವ ವಾಸನೆ ನೋಡಿದ. ಹೋಗಿ ಮರ್ಯಾದೆಯಿಂದಲೇ ಕೇಳಿದ, "ರಾಜಣ್ಣ, ನಿಮ್ಮ ಒಲದಾಗೆ ಯಾರೋ ಏನೋ ಬಿಡ್ತಾವ್ರೆ, ಒಸಿ ನೋಡಿ." ಅನಂತರಾಜು ನೋಡ್ತೀನಿ ಅಂದ. ಆ ವಾರವೇ ಕೆರೆಯ ಮೀನೆಲ್ಲ ಹೊಟ್ಟೆ ಮೇಲೆ ಮಾಡಿಕೊಂಡು ತೇಲಿತು. ದಡದಲ್ಲಿ ಕಾಲಿಡುವುದಕ್ಕೆ ಜಾಗ ಇಲ್ಲದ ಹಾಗೆ ಬೆಳ್ಳಗೆ, ಗಬ್ಬು ನಾರುತ್ತಾ ಬಿದ್ದಿತ್ತು.

ಊರು ಸೇರಿತು. ಅನಂತರಾಜು ಒಂದು ಕ್ಷಣವೂ ತಡಮಾಡದೆ ಗೂಬೆಯನ್ನು ತಂದು ಪಾಲುದಾರನ ತಲೆಯ ಮೇಲೆ ಕೂರಿಸಿದ. "ಗುತ್ತಿಗೆಯಿಂದ ಬಿಡಿಸ್ತೀನಿ ಅಂದಿದ್ದೆ, ಆ ಕೋಪಕ್ಕೆ ಇವನೇ ಔಷಧಿ ಕಲಸಿದಾನೆ. ಕಾವಲಿಗೆ ಇದ್ದೋನು ಇವನೇ ಅಲ್ವಾ?" ಜನ ನಂಬಿದರು. ದೊಡ್ಡ ಮನೆಯವನು ಹೇಳಿದ್ದನ್ನು ನಂಬುವುದು ಜನಕ್ಕೆ ಯಾವತ್ತೂ ಸಲೀಸು. ಹುಡುಗರು ಮುನಿಆಂಜಿನಪ್ಪನ ಶರ್ಟು ಹಿಡಿದು ಎಳೆದಾಡಿದರು.

ಆಗ ಮುನಿಯಲ್ಲಮ್ಮ ಜನದ ನಡುವೆ ನುಗ್ಗಿ ಬಂದಳು. "ಮೀನು ಕೊಂದೋನು ನೀನು. ಅಲ್ಲ ಅನ್ನೋದಾದ್ರೆ ಗಂಗಮ್ಮನ ಮುಂದೆ ಕರ್ಪೂರ ಆರ್‍ಸಿ ಯೋಳು!"

ಅನಂತರಾಜು ಹಿಂದೆ ಮುಂದೆ ನೋಡಲಿಲ್ಲ. ಗುಡಿಗೆ ನಡೆದ. ಉರಿಯುವ ಕರ್ಪೂರದ ಮೇಲೆ ಅಂಗೈ ಇಟ್ಟು ಆರಿಸಿದ. "ಕೆರೆಗೆ ವಿಷ ಬಿಟ್ಟೋನು ಮುನಿಆಂಜಿನಪ್ಪ, ನಾನಲ್ಲ. ಇವತ್ತಿಂದ ಮೀನು ಬಿಟ್ಟಿದೀನಿ. ಇನ್ನು ಮೇಲೆ ನನ್ನ ಮೈಗೆ ಮೀನು ಸೇರಿದ್ರೆ ಪಾಪ ನನ್ನದೇ ಅಂತ ತಿಳ್ಕೊಳ್ಳಿ," ಅಂದ. ಆಣೆ ಅಷ್ಟಕ್ಕೇ ಮುಗಿಯಬಹುದಿತ್ತು, ಮೀನನ್ನು ಯಾರೂ ಕೇಳಿರಲಿಲ್ಲ. ಜಾಸ್ತಿ ತೂಕ ಇರಲಿ ಅಂತ ಅವನೇ ಸೇರಿಸಿದ್ದು. ಅಷ್ಟು ಇಷ್ಟದ ಮೀನನ್ನೇ ಬಿಟ್ಟ ಅಂದಮೇಲೆ ಇನ್ನೇನು ಸಾಕ್ಷಿ ಬೇಕು ಅಂತ ಊರ ಯಜಮಾನ ವೆಂಕಟರಾಮಯ್ಯ ತಲೆಯಾಡಿಸಿದರು.

ಆ ಕಡೆಯ ಊರುಗಳಲ್ಲಿ ಆಣೆ ಅಂದರೆ ಆಣೆ. ಅದನ್ನು ಹಾಕಿದವನೇ ತೆಗೆಯುವುದಕ್ಕೆ ಬರುವುದಿಲ್ಲ. ಯಾರ ಎದುರು ಹಾಕಿದ್ದನೋ ಅವರೇ ಬಂದು, ದೇವರ ಮುಂದೆ "ಬಿಟ್ಟೆ" ಅಂತ ಬಾಯಿಬಿಟ್ಟು ಹೇಳಿ, ತೀರ್ಥ ಕೊಡಬೇಕು. ಆಗ ಮಾತ್ರ ಬಿಡುಗಡೆ. ಅಂದರೆ ಅನಂತರಾಜುವಿನ ನಾಲಿಗೆಯ ರುಚಿಗೆ ಹಾಕಿದ ಬೀಗದ ಕೈ ಮುನಿಯಲ್ಲಮ್ಮನ ಸೊಂಟದಲ್ಲಿತ್ತು.

ಮುನಿಆಂಜಿನಪ್ಪನಿಗೆ ಆಮೇಲೆ "ವಿಷದ ಆಂಜಿ" ಅಂತಲೇ ಹೆಸರಾಯಿತು. ಹೋಟೆಲಿನಲ್ಲಿ ಅವನು ಕೂತರೆ ಪಕ್ಕದವನು ಲೋಟ ಎತ್ತಿಕೊಂಡು ಜಾಗ ಬದಲಾಯಿಸುತ್ತಿದ್ದ. ಒಳ್ಳೆ ಆಳು, ಎದುರುಮಾತು ಬರುತ್ತಿರಲಿಲ್ಲ. ಜಗಳ ಆಡುವುದಕ್ಕೂ ಬಾಯಿ ಬೇಕಲ್ಲ, ಅದೆಲ್ಲ ಹೆಂಡತಿಯ ಪಾಲಿಗೆ ಬಂದಿತ್ತು. ಕೆರೆಯ ಏರಿಯ ಮೇಲೆ ಹೋಗಿ ಸುಮ್ಮನೆ ಕೂತಿರುತ್ತಿದ್ದ. 2012ರಲ್ಲಿ ಅಲ್ಲೇ ಕೂತಲ್ಲೇ ಎದೆ ಹಿಡಿದುಕೊಂಡು ಸತ್ತ. ಅನಂತರಾಜು ಒಂದು ದೊಡ್ಡ ಹಾರ ಕಳಿಸಿದ. ಮುನಿಯಲ್ಲಮ್ಮ ಅದನ್ನು ಚರಂಡಿಗೆ ಎಸೆದು ಕೈ ತೊಳೆದುಕೊಂಡಳು.

ಹೊಟ್ಟೆ ಉರಿಯುವ ವಿಷಯ ಇನ್ನೂ ಇದೆ. ಅನಂತರಾಜು ಬೆಳೆದ. ಕೆರೆಯ ಪಕ್ಕ ಅಪಾರ್ಟ್‌ಮೆಂಟ್ ಕಟ್ಟಿಸಿದ, ಗಂಗಮ್ಮನ ಗುಡಿಗೆ ಗೋಪುರ ಕಟ್ಟಿಸಿದ. ಅಪಾರ್ಟ್‌ಮೆಂಟಿನ ಜನ ಕೆರೆ ಉಳಿಸುವುದಕ್ಕೆ ಅಂತ ಸಂಘ ಮಾಡಿದರೆ ಅದಕ್ಕೂ ಇವನೇ ಅಧ್ಯಕ್ಷ! ಹುಟ್ಟುಹಬ್ಬ ಬಂದರೆ ಹೆದ್ದಾರಿಯುದ್ದಕ್ಕೂ ಫ್ಲೆಕ್ಸು, ಕೈ ಮುಗಿದುಕೊಂಡು ನಗುವ ಮುಖ, ಕೆಳಗೆ "ಕೆರೆಯ ಕಾವಲುಗಾರ". ಮುನಿಯಲ್ಲಮ್ಮ ಬೆಳಗಿನ ಮೀನಿನ ಟೆಂಪೋದಲ್ಲಿ ಆ ಮುಖದ ಕೆಳಗೇ ಬರುತ್ತಿದ್ದಳು. ದಿನಾ ಒಂದು ಶಾಪ ಹಾಕಿಯೇ ಮುಂದೆ ಹೋಗುವುದು.

ಅವಳಿಗೆ ಬೇಕಾಗಿದ್ದು ಅವನ ಗೋಪುರವೂ ಅಲ್ಲ, ಅಪಾರ್ಟ್‌ಮೆಂಟೂ ಅಲ್ಲ. ಊರಿನ ಎದುರು, ಅವನ ಬಾಯಿಂದಲೇ, "ಮುನಿಆಂಜಿನಪ್ಪ ಅಲ್ಲ, ನಾನು" ಅನ್ನುವ ಮಾತು ಬರಬೇಕಿತ್ತು.

2017ರ ಫೆಬ್ರವರಿ. ಯಲಹಂಕದಲ್ಲಿ ವಿಮಾನಗಳ ಪ್ರದರ್ಶನ. ಹದ್ದುಗಳು ಹಾರಿ ಬಂದು ವಿಮಾನಕ್ಕೆ ಬಡಿಯಬಾರದು ಅಂತ ಆ ದಿನಗಳಲ್ಲಿ ಸುತ್ತಮುತ್ತ ಮಾಂಸ, ಮೀನಿನ ಅಂಗಡಿಗಳನ್ನೆಲ್ಲ ಮುಚ್ಚಿಸುತ್ತಾರೆ. ಕೆಲಸವಿಲ್ಲದೆ ಮುನಿಯಲ್ಲಮ್ಮ ಮನೆಯ ಜಗಲಿಯಲ್ಲಿ ಕಾಲು ಚಾಚಿ, ತಲೆಯ ಮೇಲೆ ಹೊಗೆ ಬಿಡುತ್ತಾ ಬೊಬ್ಬೆ ಹೊಡೆಯುವ ವಿಮಾನಗಳನ್ನು ಬೈಯುತ್ತಾ ಕೂತಿದ್ದಳು. ಒಂದು ದೊಡ್ಡ ಕಾರು ಬಂದು ನಿಂತಿತು. ಇಳಿದವಳು ನಾಗಲಕ್ಷ್ಮಿ, ಅನಂತರಾಜುವಿನ ಹೆಂಡತಿ. ತಲೆ ಬಾಚಿರಲಿಲ್ಲ, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

"ಅಕ್ಕಾ, ಆಣೆ ಬಿಟ್ಟುಬಿಡು," ಅಂದಳು.

ಇಷ್ಟು ವರ್ಷ ಕಣ್ಣೆತ್ತಿ ನೋಡದವಳಿಗೆ ಇವತ್ತು ಅಕ್ಕ ಆಗಿಬಿಟ್ಟೆನಲ್ಲ ಅಂತ ಮುನಿಯಲ್ಲಮ್ಮನಿಗೆ ನಗು ಬಂತು. ವಿಷಯ ಕೇಳಿದಳು. ಅನಂತರಾಜುವಿನ ಕರುಳು ತೂತಾಗಿ ಹೆಬ್ಬಾಳದ ಕಡೆಯ ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ನಂಜು ಮೈಗೆಲ್ಲ ಏರಿ ಈಗ ಶ್ವಾಸಕೋಶ ಊದಿಕೊಂಡಿತ್ತು. ಉಸಿರು ಮಿಷನ್ನಿನದು. ರಕ್ತನಾಳದ ಮೂಲಕ ಊಟ ಕೊಡಬೇಕು ಅಂತ ಹೇಳಿದ ಡಾಕ್ಟರಮ್ಮ, ಮೀನು ತಿಂದರೆ ಮೈಗೆ ಆಗದೆ ಹೋಗುವುದು ಏನಾದರೂ ಇದೆಯಾ ಅಂತ ಕೇಳಿದ್ದರು. ಆ ಊಟದಲ್ಲಿ ಮೀನೆಣ್ಣೆ ಇರುತ್ತದಂತೆ. ನಾಗಲಕ್ಷ್ಮಿ ಉತ್ತರ ಕೊಡದೆ ಸೀದಾ ಇಲ್ಲಿಗೆ ಓಡಿ ಬಂದಿದ್ದಳು.

"ನಡಿ, ಮೊದ್ಲು ಅವನ್ನ ನೋಡ್ಬೇಕು," ಅಂದಳು ಮುನಿಯಲ್ಲಮ್ಮ.

ಸಂಕಟದಿಂದ ಹೋದದ್ದಲ್ಲ. ಕಣ್ಣು ತಣ್ಣಗೆ ಮಾಡಿಕೊಳ್ಳುವುದಕ್ಕೆ ಹೋದದ್ದು. ಗಾಜಿನ ಆಚೆ ಅನಂತರಾಜು ಮಲಗಿದ್ದ. ಫ್ಲೆಕ್ಸಿನಲ್ಲಿ ನಗುತ್ತಿದ್ದ ಬಾಯಿಗೆ ಕೊಳವೆ ತುರುಕಿ ಅಂಟಿಸಿದ್ದರು. ಮಿಷನ್ನು ಊದಿದಾಗ ಎದೆ ಏಳುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಮುನಿಯಲ್ಲಮ್ಮ ಗಾಜಿಗೆ ಹಣೆ ಒತ್ತಿ ನೋಡಿದಳು. ಹಾಲು ಕುಡಿದಷ್ಟು ಸಂತೋಷವಾಯಿತು. ದಡದ ಮೇಲೆ ಬಾಯಿ ಬಿಡುತ್ತಿದ್ದ ಮೀನಿನ ಹಾಗೆಯೇ ಇದ್ದಾನೆ, ನೋಡು ಆಂಜಿ, ಅಂತ ಸತ್ತ ಗಂಡನಿಗೆ ಮನಸ್ಸಿನಲ್ಲೇ ತೋರಿಸಿದಳು.

ಡಾಕ್ಟರ್ ಕುಬ್ರಾ ಹೊರಗೆ ಬಂದರು. ಚಿಕ್ಕ ವಯಸ್ಸಿನ ಹೆಂಗಸು, ನಿದ್ದೆಗೆಟ್ಟ ಕಣ್ಣು. ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ ಬಿಡಿಸಿ ಹೇಳಿದರು.

"ಇವರ ಕರುಳು ಈಗ ಊಟ ತಗೊಳ್ಳೋ ಸ್ಥಿತೀಲಿಲ್ಲಮ್ಮ. ಅದಕ್ಕೆ ರಕ್ತಕ್ಕೇ ಊಟ ಕೊಡ್ತೀವಿ, ಸಕ್ಕರೆ, ಪ್ರೋಟೀನು, ಕೊಬ್ಬು. ಕೊಬ್ಬಲ್ಲಿ ಬರೀ ಸೋಯಾ ಎಣ್ಣೇದು ಒಂದಿದೆ, ಮೀನೆಣ್ಣೆ ಬೆರೆಸಿರೋದು ಇನ್ನೊಂದಿದೆ. ಶ್ವಾಸಕೋಶದಲ್ಲಿ ಉರಿಯೂತ ಜಾಸ್ತಿ ಇದೆ. ಉರಿ ಎಬ್ಬಿಸೋ ಎಷ್ಟೋ ವಸ್ತುಗಳನ್ನ ಮೈ ಕೊಬ್ಬಿನಿಂದಲೇ ತಯಾರು ಮಾಡ್ಕೊಳ್ಳುತ್ತೆ. ಮೀನಿನ ಕೊಬ್ಬಿಂದ ಆಗೋ ವಸ್ತುಗಳು ಅಷ್ಟು ಉರಿ ಎಬ್ಬಿಸಲ್ಲ, ಕೆಲವು ಉರೀನ ಆರಿಸೋಕೂ ಸಹಾಯ ಮಾಡ್ತವೆ."

"ಅದನ್ನ ಕೊಟ್ರೆ ಉಳೀತಾರಾ ಮೇಡಂ?" ಅಂದಳು ನಾಗಲಕ್ಷ್ಮಿ.

"ಹಾಗಂತ ಮಾತು ಕೊಡೋಕಾಗಲ್ಲ. ಕೆಲವು ಕಡೆ ಉಸಿರಾಟ ಸುಧಾರಿಸಿದ್ದು ಕಂಡಿದೆ, ಕೆಲವು ಕಡೆ ಏನೂ ವ್ಯತ್ಯಾಸ ಕಂಡಿಲ್ಲ. ಇವರಿಗೆ ನಾನಾದ್ರೆ ಅದನ್ನೇ ಕೊಡ್ತೀನಿ. ನಿಮಗೆ ಮೀನು ಬೇಡ ಅಂದ್ರೆ ಸೋಯಾದೇ ಹಾಕೋಣ, ಅದೇನೂ ತಪ್ಪಲ್ಲ. ಯೋಚನೆ ಮಾಡಿ, ಬರ್ತೀನಿ," ಅಂತ ಹೇಳಿ ಅವರು ಒಳಗೆ ಹೋದರು.

ನಾಗಲಕ್ಷ್ಮಿ ಮುನಿಯಲ್ಲಮ್ಮನ ಕೈ ಹಿಡಿದುಕೊಂಡಳು. "ಒಂದು ಮಾತು ಅಕ್ಕ. ಬಿಟ್ಟೆ ಅನ್ನು. ಇಲ್ಲೇ ಗಂಗಮ್ಮನ್ನ ನೆನೆಸ್ಕೊಂಡು ಅನ್ನು. ತೀರ್ಥ ನಾಳೆ ಮಾಡಿಸ್ತೀನಿ."

ಮುನಿಯಲ್ಲಮ್ಮನ ಬಾಯಿಗೆ ಮೊದಲು ಬಂದದ್ದು "ಸಾಯ್ಲಿ" ಅನ್ನುವ ಮಾತು. ತುಟಿಯ ತನಕ ಬಂದದ್ದು ಅಲ್ಲೇ ನಿಂತಿತು. ಇವನು ಈಗ ಸತ್ತರೆ ಏನಾಗುತ್ತದೆ? ಹೆದ್ದಾರಿಯುದ್ದಕ್ಕೂ ಮತ್ತೆ ಫ್ಲೆಕ್ಸು. "ಕೆರೆಯ ಕಾವಲುಗಾರನಿಗೆ ಶ್ರದ್ಧಾಂಜಲಿ." ಆಣೆ ಕೊನೆಯ ತನಕ ಕಾಪಾಡಿದ ಮಹಾನುಭಾವ ಅಂತ ಊರೆಲ್ಲ ಕಣ್ಣೀರು ಹಾಕುತ್ತದೆ. ಮುನಿಆಂಜಿನಪ್ಪ ಮಾತ್ರ ವಿಷದ ಆಂಜಿಯಾಗಿಯೇ ಉಳಿಯುತ್ತಾನೆ. ಇಷ್ಟು ಸಲೀಸಾಗಿ ತಪ್ಪಿಸಿಕೊಂಡು ಹೋಗುವುದಕ್ಕೆ ಬಿಡುತ್ತೀನಾ ಇವನನ್ನ? ಗಾಜಿನ ಆಚೆ ಮಲಗಿದ್ದ ಶತ್ರು ಬದುಕಬೇಕು ಅಂತ ಅವಳಿಗೆ ಎಷ್ಟು ತೀವ್ರವಾಗಿ ಅನ್ನಿಸಿತು ಅಂದರೆ, ಅವನ ಹೆಂಡತಿಗೂ ಅಷ್ಟು ಅನ್ನಿಸಿರಲಿಕ್ಕಿಲ್ಲ.

ಆದರೆ "ಬಿಟ್ಟೆ" ಅಂದರೆ ಕೈಗೆ ಸಿಕ್ಕಿದ್ದ ಅವನ ಕೊರಳಪಟ್ಟಿಯೇ ಜಾರಿ ಹೋಯಿತು.

"ಬಿಡಲ್ಲ," ಅಂದಳು ಮುನಿಯಲ್ಲಮ್ಮ. "ನನ್ನ ನಾಲಿಗೇಲಿ ಆ ಮಾತು ಬರಲ್ಲ. ಮೀನೆಣ್ಣೆ ಕೊಡ್ಸು. ಆಣೆ ಮುರೀಲಿ. ಅವನು ಎದ್ದು ಬರ್ಲಿ. ಬಂದ್ಮೇಲೆ ಅವನ ಮೈಗೆ ಮೀನು ಸೇರೈತೆ ಅಂತ ಊರ ಮುಂದೆ ನಾನೇ ಯೋಳ್ತೀನಿ. ಗಂಡ ಬೇಕಾ, ಗಂಡನ ಆಣೆ ಬೇಕಾ, ನೀನೇ ಆರ್‍ಸ್ಕೊ."

ನಾಗಲಕ್ಷ್ಮಿ ಕೈ ಬಿಟ್ಟಳು. ಡಾಕ್ಟರ್ ಕುಬ್ರಾ ಮತ್ತೆ ಬಂದಾಗ, "ಮೀನಿಂದೇ ಕೊಡಿ ಮೇಡಂ," ಅಂದಳು, ಅಷ್ಟೇ. ಮಧ್ಯಾಹ್ನ ಹಾಲಿನ ಹಾಗೆ ಬೆಳ್ಳಗಿದ್ದ ಒಂದು ಚೀಲವನ್ನು ನೇತುಹಾಕಿದರು. ಅದು ಹನಿಹನಿಯಾಗಿ ಅನಂತರಾಜುವಿನ ಮೈಗೆ ಇಳಿಯುವುದನ್ನು ಮುನಿಯಲ್ಲಮ್ಮ ನಿಂತು ನೋಡಿಯೇ ಮನೆಗೆ ಹೋದಳು.

ಆವತ್ತಿನಿಂದ ದಿನಾ ಗಂಗಮ್ಮನ ಗುಡಿಗೆ ಹೋಗುವುದಕ್ಕೆ ಶುರುಮಾಡಿದಳು. ಅನಂತರಾಜು ಕಟ್ಟಿಸಿದ ಗೋಪುರದ ಕೆಳಗೆ ನಿಂತು ಅನಂತರಾಜುವಿಗೋಸ್ಕರವೇ ಕೈ ಮುಗಿದಳು. "ಉಸಿರು ಕೊಡು ತಾಯಿ. ಜಾಸ್ತಿ ಬೇಡ, ಮಾತಾಡೋ ಅಷ್ಟು ಕೊಡು." ಪೂಜಾರಿ ಇದನ್ನು ಕೇಳಿ, ಮುನಿಯಲ್ಲಮ್ಮ ಎಷ್ಟು ಒಳ್ಳೆಯವಳಾಗಿಬಿಟ್ಟಳು ಅಂತ ಊರೆಲ್ಲ ಹೇಳಿಕೊಂಡು ಬಂದ.

ಅನಂತರಾಜು ಉಳಿದ. ಊದಿದ್ದು ಇಳಿಯಿತು, ಮಿಷನ್ನು ಬಿಡಿಸಿದರು, ಆಮೇಲೆ ಬಾಯಿಂದ ಗಂಜಿ ಕೊಟ್ಟರು. ಮೀನೆಣ್ಣೆಯಿಂದಲಾ ಅಂತ ನಾಗಲಕ್ಷ್ಮಿ ಕೇಳಿದ್ದಕ್ಕೆ, ಆಂಟಿಬಯಾಟಿಕ್ಕೂ ಇತ್ತು, ಮಿಷನ್ನೂ ಇತ್ತು, ಅವರ ಗಟ್ಟಿ ಮೈಯೂ ಇತ್ತು, ಯಾವುದರಿಂದ ಅಂತ ಹೇಗೆ ಹೇಳಲಿ ಅಂದರಂತೆ ಡಾಕ್ಟರು. ಮುನಿಯಲ್ಲಮ್ಮನಿಗೆ ಆ ಅನುಮಾನ ಇರಲಿಲ್ಲ. ಉಳಿಸಿದ್ದು ತನ್ನ ಸೇಡು ಅಂತ ಅವಳಿಗೆ ಗೊತ್ತಿತ್ತು.

ಯುಗಾದಿ ಬಂತು. ಅದರ ಮಾರನೆಯ ದಿನ ವರ್ಷದ ತೊಡಕು. ಆವತ್ತು ಆ ಕಡೆ ಬಾಡಿನ ವಾಸನೆ ಇಲ್ಲದ ಒಲೆ ಇರುವುದಿಲ್ಲ. ಆ ದಿನ ಏನು ನಡೆಯುತ್ತದೋ ವರ್ಷವೆಲ್ಲ ಅದೇ ನಡೆಯುತ್ತದೆ ಅಂತ ನಂಬಿಕೆ ಬೇರೆ. ಅನಂತರಾಜು ಬದುಕಿ ಬಂದ ಸಂತೋಷಕ್ಕೆ ಮನೆಯ ಮುಂದೆ ಶಾಮಿಯಾನ ಹಾಕಿಸಿ ಊರಿಗೇ ಊಟ ಇಟ್ಟಿದ್ದ. ತಾನು ಯಜಮಾನ ವೆಂಕಟರಾಮಯ್ಯನವರ ಪಕ್ಕ, ಮೆತ್ತನೆಯ ಅನ್ನದ ಎಲೆ ಮುಂದೆ ಕೂತಿದ್ದ. ಮೈ ಅರ್ಧ ಆಗಿತ್ತು, ಕೊಳವೆ ಹಾಕಿದ್ದ ಗಂಟಲಿನಿಂದ ಧ್ವನಿ ಒರಟಾಗಿ ಬರುತ್ತಿತ್ತು. ಠೀವಿ ಮಾತ್ರ ಅಷ್ಟೇ ಇತ್ತು.

ಮುನಿಯಲ್ಲಮ್ಮ ಕಂಕುಳಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಪಂಕ್ತಿಯ ನಡುವೆ ಬಂದು ನಿಂತಳು.

"ಎಲ್ರೂ ಕೇಳಿ. ಈ ರಾಜಣ್ಣನ ಮೈಗೆ ಮೀನು ಸೇರೈತೆ. ಆಸ್ಪತ್ರೇಲಿ ಮೀನೆಣ್ಣೆ ಆಕೋದನ್ನ ನಾನೇ ಕಣ್ಣಾರೆ ಕಂಡಿವ್ನಿ. ಆಣೆ ಮುರೀತು. ಇನ್ನು ಪಾಪ ಯಾರ್‍ದು ಅಂತ ಅವನೇ ಯೋಳ್ಲಿ."

ಅನಂತರಾಜು ಹೆಂಡತಿಯ ಕಡೆ ನೋಡಿದ. ಸಾರಿನ ಪಾತ್ರೆ ಹಿಡಿದು ನಿಂತಿದ್ದ ಅವಳು ತಲೆ ತಗ್ಗಿಸಿದಳು. ಅವನಿಗೆ ವಿಷಯ ಗೊತ್ತಾಯಿತು. ಆದರೆ ಇಂಥವರು ನೀರಿನಲ್ಲಿ ಮುಳುಗಿದರೂ ಕೂದಲು ಒಣಗಿಸಿಕೊಂಡೇ ಏಳುತ್ತಾರೆ.

"ಅದು ಔಷಧಿ ಕಣಮ್ಮ," ಅಂತ ನಕ್ಕ. "ಬಾಯಿಗೆ ಹಾಕ್ಕೊಂಡ್ನಾ? ಅಗಿದ್ನಾ? ಪ್ರಜ್ಞೆ ಇಲ್ಲದೆ ಬಿದ್ದಿದ್ದೋನಿಗೆ ಸೂಜೀಲಿ ಹಾಕಿದ್ರೆ ಅದು ತಿಂದಂಗಾ? ನೀವೇ ಹೇಳಿ ಯಜಮಾನ್ರೇ."

ವೆಂಕಟರಾಮಯ್ಯ ಬಾಯಲ್ಲಿದ್ದ ತುಂಡನ್ನು ನುಂಗಿ, "ಔಷಧಿಗೆ ಆಣೆ ತಾಕಲ್ಲ ಕಣಮ್ಮ ಯಲ್ಲಮ್ಮ. ಒಳ್ಳೆ ದಿನ, ಜಗಳ ಬೇಡ, ನೀನೂ ಕೂತ್ಕೋ," ಅಂದರು. ಎಲೆಯ ಮೇಲಿನ ಬಾಡು ಅನಂತರಾಜುವಿನದಾದರೆ ನ್ಯಾಯವೂ ಅವನದೇ. ಪಂಕ್ತಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಬುಟ್ಟಿ ಆಚೆ ಇಡಮ್ಮ, ನಾತ," ಅಂದರು ಇನ್ಯಾರೋ. ಮುನಿಯಲ್ಲಮ್ಮನ ಬಾಯಿ ಜೀವಮಾನದಲ್ಲಿ ಮೊದಲ ಸಲ ಕೈಕೊಟ್ಟಿತು. ಇಷ್ಟು ವರ್ಷ ಕಾದದ್ದು, ಶತ್ರುವಿಗೋಸ್ಕರ ಕೈ ಮುಗಿದದ್ದು, ಎಲ್ಲಾ ಈ ನಗೆಗಾ ಅಂತ ಕಣ್ಣಲ್ಲಿ ನೀರು ಬಂತು. ಅಳುವುದನ್ನು ಇವನ ಅಂಗಳದಲ್ಲಿ ಅಳಬಾರದು ಅಂತ ಹಲ್ಲು ಕಚ್ಚಿಕೊಂಡಳು.

ನಾಗಲಕ್ಷ್ಮಿ ಸಾರಿನ ಪಾತ್ರೆಯನ್ನು ನೆಲದ ಮೇಲೆ ಇಟ್ಟಳು.

"ಮೀನೆಣ್ಣೆ ಕೊಡಿ ಅಂದೋಳು ನಾನು," ಅಂದಳು. "ಡಾಕ್ಟ್ರು ಬೇರೇದೂ ಇದೆ ಅಂದಿದ್ರು. ಆದ್ರೂ ಮೀನಿಂದೇ ಅಂದೆ. ಯಾಕೆ ಅಂತ ಕೇಳಿ ಯಜಮಾನ್ರೇ. ನನ್ನ ಗಂಡ ಹಾಕಿದ್ದು ನಿಜವಾದ ಆಣೆ ಆಗಿದ್ದಿದ್ರೆ, ಸಾಯೋ ಹೊತ್ತಲ್ಲಿ ಅದನ್ನ ಮುರಿಯೋಕೆ ನನಗೆ ಧೈರ್ಯ ಬರ್ತಿತ್ತಾ? ಅವತ್ತು ಕರ್ಪೂರದ ಮುಂದೇನೇ ಮುರಿದು ಹೋಗಿದ್ದು ಅದು. ಹೊಸದಾಗಿ ಮುರಿಯೋಕೆ ಅದರಲ್ಲಿ ಏನಿತ್ತು?"

"ಲಕ್ಷ್ಮೀ!" ಅಂದ ಅನಂತರಾಜು. ಒರಟು ಗಂಟಲಿನಿಂದ ಅರ್ಧ ಮಾತ್ರ ಹೊರಗೆ ಬಂತು.

"ಕಾಲುವೆ ಗೇಟಿನ ಬೀಗದ ಕೈ ನಮ್ಮ ಅಡುಗೆಮನೆ ಮೊಳೇಲಿ ನೇತಾಡ್ತಿತ್ತು. ಟ್ಯಾಂಕರಿನೋರು ಇವರಿಗೆ ದುಡ್ಡು ತಂದ್ಕೊಟ್ರೆ ಅದನ್ನ ತೆಗೆದು ಕೊಡ್ತಿದ್ದೋಳು ನಾನೇ. ಮುನಿಆಂಜಿನಪ್ಪಣ್ಣ ಏನೂ ಮಾಡಿಲ್ಲ."

ವೆಂಕಟರಾಮಯ್ಯನವರ ಕೈ ಎಲೆಯ ಮೇಲೆ ನಿಂತಿತು. "ಏನೋ ರಾಜು ಇದು?" ಅಂದರು. ಅನಂತರಾಜು ಹೆಂಡತಿಯನ್ನು ನೋಡಿದ, ಜನವನ್ನು ನೋಡಿದ. ಯಾರ ಮುಖದಲ್ಲೂ ನಗು ಉಳಿದಿರಲಿಲ್ಲ. ಮುನಿಯಲ್ಲಮ್ಮ ಅವನ ಎದುರಿಗೆ ಬಂದು ನಿಂತಳು.

"ಅವಳು ಯೋಳಿದ್ದು ಸಾಲದು. ನಿನ್ನ ಬಾಯಿಂದ ಬರ್ಬೇಕು. ಅದಕ್ಕೇ ನಿನ್ನ ಬದುಕ್ಸಿರೋದು."

"ಆಂಜಿ ಅಲ್ಲ," ಅಂದ ಅನಂತರಾಜು.

"ಕೇಳಿಸ್ಲಿಲ್ಲ."

"ಮುನಿಆಂಜಿನಪ್ಪ ಅಲ್ಲ. ನಾನು. ನಾನೇ ಬಿಡಿಸಿದ್ದು."

ಮೊದಲು ವೆಂಕಟರಾಮಯ್ಯ ಎದ್ದರು. ಎಲೆಯ ಮೇಲೆ ಬಡಿಸಿದ್ದು ಹಾಗೇ ಇತ್ತು. ಅವರ ಹಿಂದೆ ಪಂಕ್ತಿಗೆ ಪಂಕ್ತಿಯೇ ಎದ್ದು, ಕೈ ತೊಳೆದು ಹೊರಟಿತು. ವರ್ಷದ ತೊಡಕಿನ ದಿನ ಅರ್ಧ ಎಲೆಯಲ್ಲಿ ಊರು ಎದ್ದು ಹೋಗುವುದನ್ನು ಆ ಮನೆ ಯಾವತ್ತೂ ಕಂಡಿರಲಿಲ್ಲ. ಬಿಸಿ ಬಾಡಿನ ಹಂಡೆಗಳು ಹಾಗೇ ಉಳಿದವು.

ಮುನಿಯಲ್ಲಮ್ಮ ಹೋಗಲಿಲ್ಲ. ಬುಟ್ಟಿಯಿಂದ ಒಳ್ಳೆಯ ಗೆಂಡೆಯೊಂದನ್ನು ಆರಿಸಿ ನಾಗಲಕ್ಷ್ಮಿಯ ಕೈಗೆ ಕೊಟ್ಟಳು. ನಾಗಲಕ್ಷ್ಮಿ ಅದನ್ನು ತೆಗೆದುಕೊಂಡು ಹಿತ್ತಲಿಗೆ ಹೋದಳು, ಬೂದಿ ಹಾಕಿ ಉಜ್ಜಿ ತೊಳೆದಳು, ಹುಣಸೆಹುಳಿ ಹಿಂಡಿ ಸಾರು ಮಾಡಿದಳು. ಖಾಲಿ ಶಾಮಿಯಾನದ ಕೆಳಗೆ ಮುನಿಯಲ್ಲಮ್ಮ, ಅನಂತರಾಜು ಇಬ್ಬರೂ ಎದುರುಬದುರು ಕೂತಿದ್ದರು. ಅನಂತರಾಜುವಿಗೆ ಎದ್ದು ಹೋಗುವುದಕ್ಕೆ ಮೈಯಲ್ಲಿ ಶಕ್ತಿ ಇರಲಿಲ್ಲ, ಎದ್ದು ಹೋಗುವುದಕ್ಕೆ ಜಾಗವೂ ಇರಲಿಲ್ಲ. ಸಾರು ಬಂತು. ಹೆಂಡತಿ ಎಲೆಗೆ ಅನ್ನ ಹಾಕಿ, ಮೀನಿನ ತಲೆಯನ್ನೇ ಅದರ ಮೇಲೆ ಬಡಿಸಿ ಒಳಗೆ ಹೋದಳು. ಅವನಿಗೆ ಇನ್ನು ಕಾಪಾಡಿಕೊಳ್ಳುವುದಕ್ಕೆ ಯಾವ ಆಣೆಯೂ ಉಳಿದಿರಲಿಲ್ಲ. ಕೈ ಹಾಕಿದ.

ಮುನಿಯಲ್ಲಮ್ಮ ಮಂಡಿಯ ಮೇಲೆ ಗಲ್ಲ ಊರಿ, ಪ್ರತಿ ತುತ್ತನ್ನೂ ನೋಡಿದಳು.

"ಮುಳ್ಳು ನೋಡ್ಕೊಂಡು ತಿನ್ನು ರಾಜಣ್ಣ," ಅಂದಳು. "ಗಂಟ್ಲಿಗೆ ಸಿಕ್ಕಾಕ್ಕೊಂಡ್ರೆ ಮತ್ತೆ ಆಸ್ಪತ್ರೆ. ಈ ಸಲ ಗಂಗಮ್ಮನ ಮುಂದೆ ನಿಂತ್ಕೊಂಡು ನಿನಗೆ ಉಸಿರು ಕೇಳಾಕೆ ನಾನ್ ಬರಾಕಿಲ್ಲ."